ಅಕ್ಕನ ಮೇಲ್ದವಡೆ

ಫೆಬ್ರವರಿ 3
ಬೆಳಿಗ್ಗೆ ಮೂರು ರೂಟ್ ಕೆನಾಲ್, ಒಂದು ಅಳುವ ಮಗು. ಊಟ ಬಿಟ್ಟು ಮತ್ತೆ ಅಕ್ಕನ ಎಕ್ಸ್‌ರೇ ನೋಡಿದೆ. ಈ ವಾರದಲ್ಲಿ ನಾಲ್ಕನೇ ಸಲ. ಸೈಕಲ್ಲಿನಿಂದ ಬಿದ್ದು ಅವಳ ಮೇಲಿನ ಮುಂದಿನ ಹಲ್ಲು ಹೋಗಿತ್ತು, ಜೊತೆಗೆ ಅದನ್ನು ಹಿಡಿದಿದ್ದ ಮೂಳೆಯೂ. ಆ ಹಳ್ಳಕ್ಕೆ ಅಕ್ಟೋಬರಿನಲ್ಲಿ ನಾನೇ ಹೊಸ ಬಗೆಯ ಸೆರಾಮಿಕ್ ಹರಳು ತುಂಬಿ, ಮೇಲೊಂದು ತೆಳು ಪೊರೆ ಹೊದಿಸಿ ಹೊಲಿದಿದ್ದೆ. ದೇಹ ಹರಳನ್ನು ಮೆಲ್ಲಗೆ ಕರಗಿಸಿಕೊಂಡು ಅಲ್ಲಿ ತನ್ನದೇ ಮೂಳೆ ಕಟ್ಟಿಕೊಳ್ಳಬೇಕು. ಆಮೇಲೆ ಆ ಮೂಳೆಗೆ ಇಂಪ್ಲಾಂಟ್ ಸ್ಕ್ರೂ, ಅದರ ಮೇಲೆ ಹಲ್ಲು. ಆರು ತಿಂಗಳು ಬೇಕು. ಆಗಿರುವುದು ನಾಲ್ಕು. ಕಾಯುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ಫೆಬ್ರವರಿ 5
ಅಕ್ಕನ ಫೋನ್. ವಾದ್ಯವೃಂದದ ಆಯ್ಕೆ ಮಾರ್ಚ್ ಕೊನೆಗಂತೆ. ವಯಸ್ಸಿನ ಮಿತಿ ನಲವತ್ತು, ಅವಳಿಗಿದು ಕೊನೆಯ ಸಲ. ಅವಳು ನುಡಿಸುವ ಕ್ಲಾರಿನೆಟ್ ಒತ್ತಿ ನಿಲ್ಲುವುದೇ ಆ ಹಲ್ಲಿನ ಜಾಗಕ್ಕೆ. ಅದಕ್ಕೇ ಮುಟ್ಟಬೇಡ ಅಂದಿದ್ದೇನೆ.

"ಏನೋ, ನಿನ್ನ ಮೂಳೆ ಬೆಳೀತಾ ಇದ್ಯಾ, ನಿದ್ದೆ ಮಾಡ್ತಾ ಇದ್ಯಾ?"

"ಬೆಳೆದಿದೆ ಕಣೇ ಅಕ್ಕ. ಎಕ್ಸ್‌ರೇಲಿ ಬೆಳ್ಳಗೆ ಹೊಳೀತಿದೆ."

ಬಾಯಿ ತಪ್ಪಿ ಬಂತು… ಇಲ್ಲ, ಬೇಕೆಂದೇ ಹೇಳಿದೆ.

ಫೆಬ್ರವರಿ 6
ಡಾಕ್ಟರಮ್ಮನಿಗೆ — ಕ್ಲಿನಿಕ್ ಅವರದೇ — ಎಕ್ಸ್‌ರೇ ತೋರಿಸಿದೆ. ಕನ್ನಡಕ ಹಣೆಗೇರಿಸಿದರು.

"ಬೆಳ್ಳಗಿರೋದೆಲ್ಲ ಹಾಲಲ್ಲಪ್ಪ. ನೀನು ತುಂಬಿದ ಹರಳೂ ಇದ್ರಲ್ಲಿ ಬೆಳ್ಳಗೇ ಕಾಣೋದು. ಮೂಳೆ ಎಷ್ಟು, ಹರಳು ಎಷ್ಟು, ಹೇಳು ನೋಡೋಣ."

ಎಕ್ಸ್‌ರೇ ಎತ್ತಿಕೊಂಡು ಬಂದೆ. ಹರಳಿನ ಕಂಪನಿಯ ಕರಪತ್ರದಲ್ಲಿ ನಾಲ್ಕು ತಿಂಗಳು ಸಾಕು ಎಂದಿದೆಯಲ್ಲ! ಹಳಬರಿಗೆ ಹೊಸದೆಂದರೆ ಅನುಮಾನ.

ಫೆಬ್ರವರಿ 12
ಡಾಕ್ಟರಮ್ಮ ರಜೆ. ಅಕ್ಕನನ್ನು ಕರೆಸಿದೆ. ಡ್ರಿಲ್ ಇಟ್ಟ ಕೂಡಲೇ ಕೈಗೆ ತಿಳಿಯಿತು. ಮೂಳೆಯಾದರೆ ತಡೆದು ನಿಲ್ಲಿಸುತ್ತದೆ. ಇದು ಒದ್ದೆ ಮರಳಿನ ಹಾಗೆ ಜಾರಿತು. ಆದರೂ ಸ್ಕ್ರೂ ಹಾಕಿದೆ — ಗರಗರ ತಿರುಗಿತು, ಹಿಡಿಯಲಿಲ್ಲ. ತೆಗೆದೆ. ಮತ್ತೆ ಹರಳು ತುಂಬಿ ಹೊಲಿದೆ. ಮೇಲೆ, ಬಿದ್ದಾಗಿನಿಂದ ಹಾಕಿಕೊಳ್ಳುತ್ತಿದ್ದ ಅದೇ ತೆಗೆದು ಹಾಕುವ ಹಲ್ಲು.

ಮುಖಕ್ಕೆ ಹೊದಿಸಿದ್ದ ಬಟ್ಟೆಯೊಳಗಿಂದ ಅಕ್ಕ, "ಕೂತ್ಕೊಂಡ್ತಾ?"

"ಹೂಂ. ಕೂತ್ಕೊಂಡ್ತು."

ಆತುರಗಾರನಿಗೆ ಬುದ್ಧಿ ಮಟ್ಟ. ಸರಿ, ಆತುರ ನನ್ನ ಹುಟ್ಟುಗುಣ. ಸುಳ್ಳು ಯಾಕೆ ಹೇಳಿದೆ?

ಫೆಬ್ರವರಿ 16, ಸಂಜೆ
ಅಕ್ಕನ ಮನೆ. ಭಾವ ಬಾಗಿಲಲ್ಲೇ, "ಬಾರಪ್ಪ, ಮೂಳೆ ಮೇಸ್ತ್ರಿ" ಎಂದರು. ಒಳಗೆ ಕ್ಲಾರಿನೆಟ್. ಸ್ಕ್ರೂ ಗಟ್ಟಿ ಕೂತರೆ ನಾಲ್ಕನೇ ದಿನದಿಂದ ಮೆಲ್ಲಗೆ ನುಡಿಸಬಹುದು ಎಂದವನು ನಾನೇ. ಈಗ ಒಂದೊಂದು ಸ್ವರವೂ ಹಸಿ ಹರಳನ್ನು ಒತ್ತುತ್ತಿದೆ, ಬರಬೇಕಾದ ಮೂಳೆಯೂ ಹಾಳಾಗುತ್ತದೆ. ಹೇಳಬೇಕು. ಕಾಫಿ ಕುಡಿದೆ, ತಲೆದೂಗಿದೆ, ಬಂದೆ.

ಫೆಬ್ರವರಿ 17
ಹೋದೆ. ಹೇಳಲಿಲ್ಲ.

ಫೆಬ್ರವರಿ 19
ಎಡಗಡೆ ನೋವೆಂದವರ ಬಲಗಡೆ ಮರಗಟ್ಟಿಸಿದೆ. ಅವರು ನಕ್ಕರು, ಪುಣ್ಯ. ಸಂಜೆ ಮತ್ತೆ ಅಕ್ಕನ ಮನೆ. ಸೋಫಾದಲ್ಲಿ ಕೂರಲಾಗಲಿಲ್ಲ, ಎದ್ದು ಕಿಟಕಿ ತೆಗೆದೆ, ಮುಚ್ಚಿದೆ. ಹೇಳಲಿಲ್ಲ.

ಫೆಬ್ರವರಿ 21
ಹೇಳಿದೆ. ಹಜಾರದಲ್ಲಿ, ಚಪ್ಪಲಿ ಕೂಡ ಬಿಡದೆ. ಸ್ಕ್ರೂ ಇಲ್ಲ, ಮೂಳೆ ಇಲ್ಲ, ಇನ್ನಾರು ತಿಂಗಳು, ಆಯ್ಕೆ ತಪ್ಪುತ್ತದೆ — ಒಂದೇ ಉಸಿರಿನಲ್ಲಿ. ಅಕ್ಕ ಕ್ಲಾರಿನೆಟ್ ಬಿಚ್ಚಿದಳು. ಒಂದೊಂದೇ ಭಾಗ ಒರೆಸಿ ಪೆಟ್ಟಿಗೆಗಿಟ್ಟಳು.

"ಮೂಳೆ ಬರ್ಲಿಲ್ಲ ಅಂದ್ರೆ ನೀನೇನು ದೇವ್ರೇನೋ? ಆಯ್ಕೆ ಹೋದ್ರೆ ಹೋಗ್ಲಿ. ಆದ್ರೆ ದಿನಾ ಬಂದು ಎದುರಿಗೆ ಕೂತು ಕೇಳಿದ್ಯಲ್ಲೋ. ಚೆನ್ನಾಗಿದೆ ಅಂತ ತಲೆ ಬೇರೆ ಆಡಿಸ್ದೆ."

ನಾಚಿಕೆಯಾಯಿತು. ಭಾವ ನನ್ನನ್ನು ಬಾಗಿಲವರೆಗೆ ಬಿಡಲೂ ಬರಲಿಲ್ಲ.

ಫೆಬ್ರವರಿ 22, ಬೆಳಿಗ್ಗೆ 9.40
ಹೊಲಿಗೆ ಬಿಚ್ಚುವ ದಿನ. ಡಾಕ್ಟರಮ್ಮನಿಗೆ ಎಲ್ಲ ಒಪ್ಪಿಸಿದೆ. ಬೈದರು. ಬೈಯಲಿ. ಹತ್ತಕ್ಕೆ ಅಕ್ಕನ ಸರದಿ, ಬರುತ್ತಾಳೋ ಇಲ್ಲವೋ.

9.55
ಬಂದಿದ್ದಾಳೆ. ಗಾಜಿನಾಚೆಯಿಂದ ದನಿ ಕೇಳಿತು.

"ಹೊಲಿಗೆ ನೀವೇ ಬಿಚ್ಚಿ ಡಾಕ್ಟ್ರೇ. ಅವನು ಪಕ್ಕದಲ್ಲಿ ನಿಂತ್ಕೊಳ್ಲಿ. ಒಳಗೆ ಏನು ಕಾಣತ್ತೋ, ಅದನ್ನ ನಂಗೆ ಕೇಳೋ ಹಾಗೆ ಅವನೇ ಹೇಳ್ಲಿ."

ಕರೆಯುತ್ತಿದ್ದಾರೆ. ಕೈ ತೊಳೆದು—