ಬೂದುಗುಂಬಳದ ಮೇಲೆ ಕಲಿತ ಕ್ಷೌರ

ಚೈತ್ರಾಳ ತಾತನಿಗೆ,

ನೀವು ಹೋದ ಮೇಲೆ ನಿಮ್ಮ ಕ್ಷೌರದ ಕತ್ತಿಯನ್ನು ನಾನೇ ಹಿಡಿದೆ. ಹೆಂಗಸರ ಕೈಗೆ ಅದು ಒಗ್ಗುವುದಿಲ್ಲ ಎನ್ನುತ್ತಿದ್ದಿರಲ್ಲ, ಈಗ ಎದ್ದು ಬಂದು ಹೇಳಿ.

ಕಬ್ಬಾಳಿನಲ್ಲಿ ನಿಮ್ಮ ಅಣ್ಣ ಲಕ್ವ ಹೊಡೆದು, ಕೈ ಬಿದ್ದು, ಗಡ್ಡ ಬಿಟ್ಟು ಕೂತಿದ್ದರು. ನಾನು ಎಳೆ ಬೂದುಗುಂಬಳಕ್ಕೆ ಸೋಪು ಹಚ್ಚಿ, ಅದರ ಮೈಮೇಲಿನ ಕೂದಲು ಹೆರೆದು ಒಂದು ತಿಂಗಳು ಕಲಿತೆ. ಮೊದಲ ನಾಲ್ಕು ಕಾಯಿ ಗಾಯವಾಗಿ ಸಾರಿಗೆ ಹೋದವು. ಬದುವಿನ ಜಗಳದಲ್ಲಿ ನೀವಿಬ್ಬರೂ ಮಾತು ಬಿಟ್ಟ ಹನ್ನೆರಡು ವರ್ಷದ ಮೇಲೆ, ಇವತ್ತು ಅವರ ಮನೆಗೆ ಹೋದೆ.

“ಕುಯ್ದುಗಿಯ್ದುಬುಟ್ಟೀಯ ಕಣವ್ವ,” ಅಂದರು.

“ಸುಮ್ಕಿರಿ ಬಾವ, ಕುಂಬಳಕಾಯೇ ಬದುಕೈತೆ.”

ಎರಡೂ ಕೆನ್ನೆ ಮುಗಿದ ಮೇಲೆ ಕತ್ತಿಯ ಹಿಡಿ ನೋಡಿದರು. “ಇದು ನಮ್ ತಮ್ಮ ಪುಟ್ಟಸ್ವಾಮೀದಲ್ವಾ?”

“ಹೂಂ.”

ನನ್ನ ಕೈ ತಳ್ಳುತ್ತಾರೆ ಅಂದುಕೊಂಡೆ. ಕಣ್ಣು ಮುಚ್ಚಿ, ಗದ್ದ ಎತ್ತಿ, ಗಂಟಲು ಕೊಟ್ಟರು.

ಒಂದು ಗೀರೂ ಬೀಳಲಿಲ್ಲ.