ಮಿಡತೆಯ ಮೀಸೆ

೧೪ ಮಾರ್ಚ್, ಗುರುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಮಗಳ ಕೆಮ್ಮು ವಾಸಿಯಾಯಿತೇ? ನಿನ್ನ ಮೂರು ಸಂದೇಶಗಳಿಗೂ ಉತ್ತರಿಸದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ, ಬೈದುಕೋ. ಈ ಪತ್ರಕ್ಕೆ ಕೂತ ಮೇಲೂ ಮೂರು ಸಲ ಎದ್ದೆ. ಒಮ್ಮೆ ಕಾಫಿಗೆ, ಒಮ್ಮೆ ಕಿಟಕಿ ಮುಚ್ಚಲು, ಆಮೇಲೆ ಅದೇ ಕಿಟಕಿ ತೆರೆಯಲು.

"ಅಕ್ಕಾ, ಮಾರ್ಚ್ ೧೮ರ ಸೋಮವಾರ ನಮ್ಮ ಕಂಪ್ಯೂಟರ್‌ಗೆ ಚಿತ್ರ ಬಿಡಿಸೋ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕ್ತಾರಂತೆ. ನೀನು ಮಾಡಿಕೊಟ್ಟ ಬಣ್ಣದ ಪ್ಲಗಿನ್ ಅದ್ರಲ್ಲಿ ನಡೆಯುತ್ತಾ?" ಎಂದು ನೀನು ಕೇಳಿದ್ದೆ. ನಡೆಯುವುದಿಲ್ಲ. ಹೊರಗಿನಿಂದ ಜೋಡಿಸುವ ಪುಟ್ಟ ಪ್ರೋಗ್ರಾಂ ತಾನೇ, ಹಳೆಯ ಪ್ಲಗಿನ್‌ಗಳನ್ನು ಅದು ಹೊಸ್ತಿಲಲ್ಲೇ ತಡೆಯುತ್ತದೆ. ಅದಕ್ಕೇ ಮೂರು ವಾರ ಕೂತು ಹೊಸದಾಗಿ ಬರೆದೆ.

ಇನ್ನೊಬ್ಬರು ಓದದೆ ಯಾವ ಪ್ಲಗಿನ್ನೂ ಹೊರಗೆ ಹೋಗಬಾರದೆಂಬುದು ನಮ್ಮ ಆಫೀಸಿನಲ್ಲಿ ಕಟ್ಟುನಿಟ್ಟು. ನಿನ್ನದನ್ನು ಮಾತ್ರ ಮನೆಯ ಕೆಲಸವೆಂದು ಇಷ್ಟು ದಿನ ಮುಚ್ಚಿಟ್ಟಿದ್ದೆ. ನಿನ್ನೆ ಯಾಕೋ ಮನಸ್ಸು ತಡೆಯಲಿಲ್ಲ, ಪಕ್ಕದ ಮೇಜಿನ ಕನ್ನಡಕದವರಿಗೆ ತೋರಿಸಿದೆ. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು.

"ಬಣ್ಣ ಜೋಡಿಸೋದು ಸರಿ. ಗೆರೆಗಳನ್ನ ಯಾಕ್ರೀ ಹೇಳದೆ ಕೇಳದೆ ತಿದ್ದುತ್ತೆ ಇದು? ಬಳಸೋರಿಗೆ ಗೊತ್ತಿಲ್ದೆ ಅವ್ರ ಕೆಲಸ ಮುಟ್ಟಬಾರ್ದು ಅಂತ ನಮಗೆಲ್ಲ ಪಾಠ ಹೇಳೋರು ನೀವೇ ಅಲ್ವಾ?"



ಹೌದು ಗುಬ್ಬಿ. ಅದರ ಇನ್ನೊಂದು ಕೆಲಸ ನಿನ್ನ ಕೈಯ ನಡುಕವನ್ನು ಅಳಿಸುವುದು. ಎರಡು ವರ್ಷದ ಹಿಂದೆ ಪಠ್ಯಪುಸ್ತಕಕ್ಕೆಂದು ನೀನು ಬರೆದ ಮಿಡತೆಯ ಮೀಸೆ ಅಲೆಅಲೆಯಾಗಿತ್ತು. ಆಗ ಕೂದಲೆಳೆಯಷ್ಟು ತಿದ್ದಿದರೆ ಸಾಕಾಗಿತ್ತು. ಆಮೇಲೆ "ಸ್ವಲ್ಪ ವೇಗ ಹೆಚ್ಚಿಸಿದೀನಿ, ಹಾಕ್ಕೋ" ಎಂದು ಕಳಿಸಿದಾಗಲೆಲ್ಲ ಹೆಚ್ಚಿಸಿದ್ದು ಆ ತಿದ್ದುವಿಕೆಯನ್ನು. ಈಗ ಅದು ಆರು ಪಟ್ಟಾಗಿದೆ. ನಿನ್ನ ಗೆರೆ ಎಷ್ಟು ನಯ ಎಂದು ಸಂಪಾದಕರು ಹೊಗಳಿದ್ದನ್ನು ನೀನು ಕುಣಿದಾಡಿ ಹೇಳುವಾಗ ನಾನು ಮಾತು ಬದಲಿಸುತ್ತಿದ್ದೆ.

ಹೊಸ ಪ್ಲಗಿನ್ ಇಂದೇ ಕಳಿಸುತ್ತಿದ್ದೇನೆ. ಗೆರೆ ತಿದ್ದುವ ಭಾಗವನ್ನು ನಿನ್ನೆ ರಾತ್ರಿ ಕಿತ್ತುಹಾಕಿದ್ದೇನೆ, ಈಗ ಅದು ಬಣ್ಣ ಮಾತ್ರ ಜೋಡಿಸುತ್ತದೆ. ಸೋಮವಾರ ನಿನ್ನ ಗೆರೆ ನೀನು ಎಳೆದ ಹಾಗೆಯೇ ಕಾಣುತ್ತದೆ. ಒಬ್ಬಳೇ ನೋಡಬೇಡ, ಭಾನುವಾರವೇ ಬರುತ್ತೇನೆ. ನರಗಳ ಡಾಕ್ಟರ ಬಳಿ ಮಂಗಳವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ತಿದ್ದುವ ಗುಂಡಿ ಬೇಕೆಂದರೆ ಆಮೇಲೆ ಬೇರೆಯಾಗಿ ಮಾಡಿಕೊಡುತ್ತೇನೆ, ಒತ್ತುವುದು ಬಿಡುವುದು ನಿನ್ನಿಷ್ಟ.

ನಿನಗೂ ಮಗಳಿಗೂ ನನ್ನ ಆಶೀರ್ವಾದ. ನನ್ನನ್ನು ಬೈಯಲು ನಿನ್ನ ದನಿ ಗಟ್ಟಿಯಾಗಿರಲಿ.

ನಿನ್ನ
ಅಕ್ಕ

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು: ಆ ಮಿಡತೆ ಬರೆದ ದಿನ ನೀನೇ ಕೇಳಿದ್ದೆ, "ಅಕ್ಕಾ, ನನ್ನ ಕೈ ನಡುಗ್ತಿದೆಯಾ? ಅಪ್ಪಂಗೂ ಹೀಗೇ ಅಲ್ವಾ ಶುರುವಾಗಿದ್ದು?" ಡಾಕ್ಟರನ್ನು ನೋಡಲು ನೀನು ಸಮಯವನ್ನೂ ಗೊತ್ತುಮಾಡಿಕೊಂಡಿದ್ದೆ. ಅಪ್ಪನಿಗೆ ಏಳು ವರ್ಷ ಚಮಚದಲ್ಲಿ ಉಣ್ಣಿಸಿದವಳು ನಾನು, ಇನ್ನೊಮ್ಮೆ ಅದನ್ನು ನೋಡಲಾರೆ ಅನ್ನಿಸಿತು. "ಹುಚ್ಚಿ, ನಿನ್ನ ಪೆನ್ನು ಕೆಟ್ಟಿದೆ ಅಷ್ಟೇ" ಎಂದು ನಗಿಸಿ, ನಿನ್ನನ್ನು ಹೋಗದಂತೆ ಮಾಡಿದೆ. ಪೆನ್ನು ಚೆನ್ನಾಗಿಯೇ ಇತ್ತು, ಗುಬ್ಬಿ.