ದೊಡ್ಡ ಅಳತೆಯ ಬಳೆ

ದೊಡ್ಡವಳ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಹಾಗೇ ಬರೆದರೆ ನಂಬುವುದಿಲ್ಲ. ನಿನ್ನ ಪಿತ್ತಕೋಶದ ಕಲ್ಲು ಸುಮ್ಮನೆ ಕೂರುವಂಥದ್ದಲ್ಲ.

ಈ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಜಾಗ ಆಗಲೆಂದು ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸುವ ಯಂತ್ರಕ್ಕೆ ದುಡ್ಡಿಲ್ಲ. ಅದಕ್ಕೇ ನನ್ನಂಥ ವೆಲ್ಡರನ್ನು ಕರೆಸಿದ್ದು. ನಾನು ಬಗ್ಗಿಸಿದ ಸ್ಟೀಲ್ ಬಳೆಯನ್ನು ಹೊಕ್ಕುಳ ಹತ್ತಿರ ತೂರಿಸಿ, ಹೊಟ್ಟೆಯನ್ನು ಸೊಳ್ಳೆಪರದೆಯ ಹಾಗೆ ಮೇಲಕ್ಕೆ ಎತ್ತಿ ಕಟ್ಟಿ, ಬೆರಳಗಲದ ತೂತಿನಲ್ಲೇ ಒಬ್ಬಳ ಪಿತ್ತಕೋಶವನ್ನು ಕಲ್ಲಿನ ಸಮೇತ ತೆಗೆದರು. ಮರುದಿನವೇ ಅವಳು ನಡೆದು ಬಂದು, "ಏನಯ್ಯಾ, ನಿನ್ನ ಸುತ್ತಿಗೆಗೆ ಹೊತ್ತುಗೊತ್ತು ಇಲ್ವಾ?" ಎಂದು ಬೈದಳು. ಥೇಟ್ ನಿನ್ನ ದನಿ. ಕೆಲಸ ಬಿಟ್ಟು ಓಡಿ ಬರೋಣ ಅನ್ನಿಸಿತು.

ಕತ್ತರಿಗೆ ಹೆದರಿದ್ದು ಸಾಕು, ನಿನ್ನ ತಮ್ಮನ ಜೊತೆ ಹೊರಡು. ಒಂದು ಬಳೆ ದೊಡ್ಡದಾಗಿ ಮಾಡಿಟ್ಟಿದ್ದೇನೆ. "ಯಾರ ಅಳತೆ ಯಜಮಾನ್ರೇ?" ಅಂತ ಡಾಕ್ಟರಮ್ಮ ಕೇಳಿದರು. ನಕ್ಕು ಮತ್ತೆ ಸುತ್ತಿಗೆ ಎತ್ತಿಕೊಂಡೆ. ಬಾ.

ದೊಡ್ಡವಳ ಅಪ್ಪ